ಹೊಸಬರು ಚರ್ಚಿಗೆ ಬರುತ್ತಾರೆ, ಪೂಜೆ ಮುಗಿದ ಕೂಡಲೇ ಮಾಯ. ಊಟ, ಹೌಸಿ, ಪಿಕ್ನಿಕ್ ಇಟ್ಟರೆ ನಿಲ್ಲುತ್ತಾರಾ?

ಪಾಲನಾ ಮಂಡಳಿಯವ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಪೂರ್ವ ಭಾಗದಲ್ಲಿ, ಐಟಿ ಕಂಪನಿಗಳ ಮಗ್ಗುಲಲ್ಲೇ ಇರುವ ಚರ್ಚು ನಮ್ಮದು. ಹೆಸರು ಬೇಡ. ಈ ವರ್ಷ ನನ್ನನ್ನು ಪಾಲನಾ ಮಂಡಳಿಗೆ (ಫಾದರ್‌ಗೆ ನೆರವಾಗುವ ಚರ್ಚಿನ ಸಮಿತಿ) ಸೇರಿಸಿ "ಹೊಸಬರ ಸ್ವಾಗತ" ಅಂತ ಒಂದು ಕೆಲಸ ತಲೆಗೆ ಕಟ್ಟಿದ್ದಾರೆ.

ನಮ್ಮಲ್ಲಿ ಹೊಸಬರು ಅಂದರೆ ಎಲ್ಲರೂ ಒಂದೇ ಥರದವರಲ್ಲ. ಜಾಸ್ತಿ ಜನ ಮಂಗಳೂರು, ಗೋವಾ, ಕೇರಳ, ಜಾರ್ಖಂಡ್ ಕಡೆಯಿಂದ ಕೆಲಸಕ್ಕೆ ಬಂದ ಹುಟ್ಟು ಕಥೋಲಿಕರು. ಕೆಲವರು ಕಥೋಲಿಕರನ್ನು ಮದುವೆಯಾದವರು, ಅಥವಾ ಆಗಲಿರುವವರು. ಇನ್ನು ಬೆರಳೆಣಿಕೆಯ ಜನ ತಾವಾಗಿಯೇ ಬಂದು ಹಿಂದೆ ಕೂರುತ್ತಾರೆ. ಅವರು ಯಾರು, ಯಾಕೆ ಬರುತ್ತಾರೆ ಅಂತ ಯಾರೂ ಕೇಳಿಲ್ಲ. ಕೊನೆಯ ಹಾಡು ಮುಗಿಯುವ ಮೊದಲೇ ಪಾರ್ಕಿಂಗ್‌ನಲ್ಲಿ ಸ್ಕೂಟರ್ ಸ್ಟಾರ್ಟ್ ಆಗುತ್ತದೆ. ಹತ್ತು ನಿಮಿಷದಲ್ಲಿ ಅಂಗಳ ಖಾಲಿ.

ತಿಂಗಳಿಗೊಮ್ಮೆ ಹಾಲ್ ಕೊಡಲು ಫಾದರ್ ಒಪ್ಪಿದ್ದಾರೆ. ಮಂಡಳಿಯ ಸಲಹೆಗಳು ಗೊತ್ತಿದ್ದವೇ: ಹೌಸಿ (ಟಿಕೆಟ್ ಮೇಲೆ ನಂಬರ್ ಹೊಡೆಯುವ ತಂಬೋಲ ಆಟ), ಫುಡ್ ಸ್ಟಾಲ್, ಮೈಸೂರು ಪಿಕ್ನಿಕ್, ಅಪ್ಪಂದಿರ ಕ್ರಿಕೆಟ್. ಇವೆಲ್ಲ ಈಗಾಗಲೇ ಪರಿಚಯ ಇರುವವರ ಗದ್ದಲವೇ ಆಗಿಬಿಡುತ್ತದೆ ಅಂತ ನನ್ನ ಅನುಮಾನ. ನಿಮ್ಮ ಕಡೆ ಯಾವುದು ಕೈ ಹಿಡಿಯಿತು, ಯಾವುದು ನೆಲ ಕಚ್ಚಿತು? ಹೇಳಿ.

ಕಾಪು ಬಾಯಮ್ಮ

ಸನ್ನಾ (ನಮ್ಮ ಅಕ್ಕಿ ಇಡ್ಲಿ), ಬಫಾತ್ (ಹಂದಿ ಮಾಂಸದ ಸಾರು) ಮಾಡಿ ಹಾಕಿ ಮಗಾ. ಬರದೆ ಎಲ್ಲಿ ಹೋಗುತ್ತಾರೆ?

ಆರೂವರೆ ಪೂಜೆ

ಬಾಯಮ್ಮ, ಊಟಕ್ಕೆ ಬಂದವರು ಕೈ ತೊಳೆದುಕೊಂಡು ಹೊರಡುತ್ತಾರೆ. ನಮ್ಮ ಚರ್ಚಿನಲ್ಲಿ ಹಬ್ಬದ ಊಟಕ್ಕೆ ಬರುವ ಜನ ನೋಡಬೇಕು, ಮುಂದಿನ ಭಾನುವಾರದ ಪೂಜೆಗೆ ಬರುವ ಜನ ನೋಡಬೇಕು. ಹೌಸಿ ಆಡಿ ಯಾರೂ ಕ್ರಿಸ್ತನನ್ನು ಕಂಡುಕೊಂಡಿಲ್ಲ. ಮೊದಲು ಪೂಜೆಯನ್ನು ಭಕ್ತಿಯಿಂದ ನಡೆಸಿ, ಪ್ರಸಂಗ ಚೆನ್ನಾಗಿರಲಿ, ಹಾಡು ಶ್ರುತಿಯಲ್ಲಿರಲಿ. ಸ್ವಾಗತ ಅಲ್ಲಿ ಆಗಬೇಕು. ಹಾಲ್‌ನಲ್ಲಿ ಅಲ್ಲ.

ಹಳೇ ಗುರ್ಕಾರ

ಆರೂವರೆಯವರೇ, ಅಪೊಸ್ತಲರ ಕಾರ್ಯಕಲಾಪಗಳ 2ನೇ ಅಧ್ಯಾಯ ಓದಿ. ಮೊದಲ ಕ್ರೈಸ್ತರು ಬೋಧನೆ ಕೇಳಿದರು, ಪ್ರಾರ್ಥಿಸಿದರು, ಮನೆಮನೆಗಳಲ್ಲಿ ಕೂಡಿ ಸಂತೋಷದಿಂದ ಊಟ ಮಾಡಿದರು. ಎಲ್ಲವೂ ಹತ್ತಿರ ಹತ್ತಿರದ ವಾಕ್ಯಗಳಲ್ಲೇ ಇದೆ. ಊಟವನ್ನೂ ಪೂಜೆಯನ್ನೂ ಎದುರು ಬದುರು ನಿಲ್ಲಿಸಿದ್ದು ನಾವೇ.

ಭಾನುವಾರದ ರಜೆ

ಗುರ್ಕಾರರೇ, ಹಾಗಾದರೆ ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯವನ್ನೂ ಓದೋಣ. ಇದ್ದವರು ಮೊದಲೇ ಬಂದು ತಿಂದು ಕುಡಿದು ಮುಗಿಸುತ್ತಾರೆ, ಇಲ್ಲದವರು ಹಸಿದುಕೊಂಡೇ ಇರುತ್ತಾರೆ ಅಂತ ಪೌಲ ಅಲ್ಲಿ ಬೈಯುತ್ತಾನೆ. ಕೂಡಿ ಉಣ್ಣುವ ಊಟವೇ ಜನರನ್ನು ಒಡೆಯಬಲ್ಲದು ಅಂತ ಅವತ್ತೇ ಗೊತ್ತಿತ್ತು.

ಇವತ್ತಿನ ಉದಾಹರಣೆ ಕೊಡುತ್ತೇನೆ. ಒಂದು ಚರ್ಚಿನ ಫನ್ ಫೇರ್. ಗೇಟಿನಲ್ಲಿ ಕೂಪನ್, ಹೌಸಿ ಟಿಕೆಟ್ ಬೇರೆ, ಒಂದು ಪ್ಲೇಟ್ ಬಿರಿಯಾನಿಗೆ ಇನ್ನೂರು ಮೇಲೆ. ಜಾರ್ಖಂಡ್ ಮತ್ತು ಒಡಿಶಾದ ಹುಡುಗಿಯರು ಬಂದಿದ್ದರು. ಅಪಾರ್ಟ್‌ಮೆಂಟ್‌ಗಳಲ್ಲಿ ಮನೆಕೆಲಸ ಅವರದು, ವಾರಕ್ಕೆ ಅರ್ಧ ದಿನ ರಜೆ. ಇರುವುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದವರು ಗೇಟಿನ ಒಳಗೆ ಮರದ ಕೆಳಗೆ ನಿಂತುಕೊಂಡೇ ಇದ್ದರು. ಬೆಲೆ ಕೇಳಿದರು, ಪರಸ್ಪರ ಮುಖ ನೋಡಿಕೊಂಡರು, ಒಂದು ಐಸ್‌ಕ್ರೀಮ್ ತೆಗೆದುಕೊಂಡು ಮೂವರು ತಿಂದರು. ಅದೇ ಹುಡುಗಿಯರು ಹಿಂದಿ ಪೂಜೆಯಲ್ಲಿ ಹಾಡಿದರೆ ಮೈಕೇ ಬೇಕಿಲ್ಲ. ಅವರು ದುಡಿಯುವ ಮನೆಯ ಯಜಮಾನಿಯೂ ಅದೇ ಫೇರ್‌ನಲ್ಲಿ ಸ್ಟಾಲ್ ಹಾಕಿದ್ದಳು! ಅವಳೂ ಕರೆದು ಮಾತಾಡಿಸಲಿಲ್ಲ.

ಹಾಗಾಗಿ ಮೊದಲನೇ ನಿಯಮ ಇದಾಗಲಿ: ಸ್ವಾಗತದ ಕಾರ್ಯಕ್ರಮಕ್ಕೆ ಟಿಕೆಟ್ ಇರಬಾರದು. ದುಡ್ಡು ಎತ್ತಬೇಕಾದರೆ ಅದನ್ನು ಬೇರೆ ದಿನ ಮಾಡಿ, ಬೇರೆ ಹೆಸರಿನಲ್ಲಿ ಮಾಡಿ.

ಪಾಲನಾ ಮಂಡಳಿಯವ

ಇದು ನಾಟಿತು. ನಮ್ಮ ಹೌಸಿಗೆ ಟಿಕೆಟ್ ಇಡಬೇಕು ಅಂತಲೇ ಖಜಾಂಚಿ ಹಟ ಹಿಡಿದಿದ್ದಾರೆ.

ಕಾಪು ಬಾಯಮ್ಮ

ಖಜಾಂಚಿಗಳು ಎಲ್ಲಾ ಕಡೆ ಒಂದೇ.

ಸೇವಂತಿಗೆ

ನಾನು ನಿಮ್ಮ ಆ "ಹೊಸಬರು". ತುಮಕೂರು ಕಡೆಯ ಹಿಂದೂ ಮನೆಯವಳು. ಯಾರೂ ಎಳೆದುಕೊಂಡು ಬರಲಿಲ್ಲ, ನಾನೇ ಬಂದೆ. ಯಾಕೆ ಅನ್ನುವುದು ಉದ್ದದ ಕಥೆ, ಇಲ್ಲಿ ಬೇಡ. ಮದುವೆಗೋಸ್ಕರ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ನನಗಿನ್ನೂ ಮದುವೆಯೇ ಆಗಿಲ್ಲ. ಪಾಸ್ಖ ಜಾಗರಣೆಯ ರಾತ್ರಿ, ಅಂದರೆ ಈಸ್ಟರ್ ಹಿಂದಿನ ರಾತ್ರಿ, ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಆಯಿತು.

ಕಾರ್ಯಕ್ರಮಗಳ ಬಗ್ಗೆ ನಿಜ ಹೇಳಲಾ? ನಾನು ಹೋದ ಮೊದಲ ಕೂಟದಲ್ಲಿ ಪೇಪರ್ ಪ್ಲೇಟ್ ಹಿಡಿದುಕೊಂಡು ಗೋಡೆಗೆ ಒರಗಿ ನಿಂತಿದ್ದೆ. ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ, "ನಿಮ್ಮದು ಯಾವ ಚರ್ಚು?" ಯಾವುದೂ ಅಲ್ಲ ಅಂದರೆ ಒಂದು ಕ್ಷಣ ಮೌನ. ಆಮೇಲೆ "ಕೇಕ್ ತಗೊಳ್ಳಿ".

ನನ್ನನ್ನು ಒಳಗೆ ಸೇರಿಸಿದ್ದು ಹೂವು. ಚರ್ಚಿನ ಹಬ್ಬದ ಹಿಂದಿನ ರಾತ್ರಿ ತೇರಿಗೆ ಅಲಂಕಾರ ನಡೆಯುತ್ತಿತ್ತು. ಮೂಟೆಗಟ್ಟಲೆ ಸೇವಂತಿಗೆ ತಂದು ಸುರಿದಿದ್ದರು. ನಾಲ್ಕೈದು ಹೆಂಗಸರು ಸೂಜಿ ದಾರದಲ್ಲಿ ಒಂದೊಂದೇ ಪೋಣಿಸುತ್ತಿದ್ದರು. ಆ ವೇಗದಲ್ಲಿ ಬೆಳಗಾದರೂ ಮುಗಿಯುತ್ತಿರಲಿಲ್ಲ. ನಾನು ಸುಮ್ನೆ ನೋಡುತ್ತಾ ನಿಂತಿದ್ದೆ. ಒಬ್ಬ ಆಂಟಿ ತಲೆ ಎತ್ತಿ "ಕೈ ಖಾಲಿ ಇದ್ದರೆ ಬಾಮ್ಮ, ಕೂತ್ಕೋ" ಅಂದರು. ನಾನು ಬಾಳೆ ನಾರು ಕೇಳಿದೆ. ನಮ್ಮಮ್ಮನ ಮನೆಯಲ್ಲಿ ವರಮಹಾಲಕ್ಷ್ಮಿಗೆ ಕಟ್ಟಿ ಕಟ್ಟಿ ಕೈ ಪಳಗಿದೆ. ಎರಡು ಹೂ ಈ ಕಡೆ, ಎರಡು ಆ ಕಡೆ, ಒಂದು ಸುತ್ತು, ಒಂದು ಗಂಟು. ಅವರೆಲ್ಲ ಪೋಣಿಸುವುದನ್ನು ಬಿಟ್ಟು ನೋಡಲು ಶುರು ಮಾಡಿದರು. ರಾತ್ರಿ ಹನ್ನೊಂದರ ಹೊತ್ತಿಗೆ ಆ ಆಂಟಿಯರಿಗೆ ನಾನು ಹೂ ಕಟ್ಟುವುದು ಹೇಳಿಕೊಡುತ್ತಿದ್ದೆ. ಅವರು ನನಗೆ ಮಾತೆ ಮರಿಯಮ್ಮನ ಬಗ್ಗೆ ಹೇಳುತ್ತಿದ್ದರು, ಜೊತೆಗೆ ಹಿಂದಿನ ಫಾದರ್ ಬಗ್ಗೆ ಒಂದಿಷ್ಟು ಚಾಡಿ. ಆ "ಕೂತ್ಕೋ" ಅಂದ ಆಂಟಿಯೇ ದೀಕ್ಷಾಸ್ನಾನದಲ್ಲಿ ನನ್ನ ಜೊತೆ ನಿಂತ ಜ್ಞಾನತಾಯಿ (ಗಾಡ್‌ಮದರ್).

ಕೇಕ್ ಕೊಟ್ಟವರ ಹೆಸರು ಒಂದೂ ನೆನಪಿಲ್ಲ.

ಹಳೇ ಗುರ್ಕಾರ

ಮಗಳೇ, ಇದನ್ನು ಪ್ರಿಂಟ್ ತೆಗೆದು ನಮ್ಮ ಮಂಡಳಿಯ ಸಭೆಯಲ್ಲಿ ಓದುತ್ತೇನೆ. ನಮ್ಮಲ್ಲಿ ಹೊಸಬರಿಗೆ ಮೊದಲ ಸಾಲಿನಲ್ಲಿ ಕುರ್ಚಿ ಹಾಕಿ, ಗುಲಾಬಿ ಕೊಟ್ಟು ಕೂರಿಸುತ್ತೇವೆ. ಕೆಲಸ ಮಾತ್ರ ಕೊಡುವುದಿಲ್ಲ, ಪಾಪ ಹೊಸಬರು ಅಂತ.

ಹಿಂದಿನ ಬೆಂಚು

ಗುಲಾಬಿ ಬೇಡ ಗುರ್ಕಾರರೇ, ದಯವಿಟ್ಟು. ಪೂಜೆಯ ಕೊನೆಗೆ "ಇವತ್ತು ಹೊಸದಾಗಿ ಬಂದವರು ಎದ್ದು ನಿಂತು ಹೆಸರು ಹೇಳಿ" ಅನ್ನುವುದೂ ಬೇಡ. ಒಮ್ಮೆ ಹಾಗೆ ಅಂದದ್ದಕ್ಕೆ ನಾನು ಮೂರು ವಾರ ಬೇರೆ ಚರ್ಚಿಗೆ ಹೋದೆ. ಹಿಂದಿನ ಬೆಂಚಿನಲ್ಲಿ ಕೂರುವವರಿಗೆ ಅದಕ್ಕೊಂದು ಕಾರಣ ಇರುತ್ತದೆ. ಕೆಲವರು ಎಷ್ಟೋ ವರ್ಷದ ಮೇಲೆ ಪಾಪನಿವೇದನೆ ಮಾಡಬೇಕು ಅಂದುಕೊಂಡು ಬಂದಿರುತ್ತಾರೆ. ಕೆಲವರ ಮದುವೆ ಮುರಿದಿರುತ್ತದೆ. ಚಪ್ಪಾಳೆ ಬೇಡ.

ಕಾಪು ಬಾಯಮ್ಮ

ಹಾಗಾದರೆ ಮಾತಾಡಿಸುವುದೇ ಬೇಡವಾ? ಆಮೇಲೆ "ಯಾರೂ ಮಾತಾಡಿಸಲಿಲ್ಲ" ಅಂತ ದೂರು ಬೇರೆ!

ಹಿಂದಿನ ಬೆಂಚು

ಮಾತಾಡಿಸಿ ಬಾಯಮ್ಮ. ಮೈಕ್ ಇಲ್ಲದೆ.

ಉಪದೇಶಿ ಮೇಷ್ಟ್ರು

ನಾನು ದೊಡ್ಡವರಿಗೆ ಧರ್ಮೋಪದೇಶ ಹೇಳಿಕೊಡುವವನು. ಇಲ್ಲಿ ಎರಡು ವಿಷಯ ಕಲಸಿಹೋಗುತ್ತಿವೆ. ಊರು ಬಿಟ್ಟು ಊರಿಗೆ ಬಂದ ಕಥೋಲಿಕನಿಗೆ ಬೇಕಾದದ್ದು ಗೆಳೆಯರು. ಕ್ರೈಸ್ತ ಜೀವನಕ್ಕೇ ಹೊಸಬನಾದವನಿಗೆ ಬೇಕಾದದ್ದು ದಾರಿ, ಜೊತೆಗೆ ಆ ದಾರಿಯಲ್ಲಿ ನಡೆಯುವ ಒಬ್ಬರು.

ಆ ದಾರಿಗೆ ಧರ್ಮಸಭೆ ಒಂದು ಕ್ರಮ ಇಟ್ಟಿದೆ. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ, 1972ರಲ್ಲಿ, ವಯಸ್ಕರ ದೀಕ್ಷೆಯ ವಿಧಿಯನ್ನು ಹೊಸದಾಗಿ ಪ್ರಕಟಿಸಿದರು. ಎಲ್ಲರೂ ಆರ್‌ಸಿಐಎ ಅನ್ನುವುದು ಅದನ್ನೇ. ಈಚೆಗೆ ಅಮೆರಿಕದಲ್ಲಿ ಒಸಿಐಎ ಅನ್ನುತ್ತಾರೆ. ಮೊದಲು ವಿಚಾರಿಸುವ ಕಾಲ. ಇಲ್ಲಿ ಯಾವ ಕಟ್ಟುಪಾಡೂ ಇಲ್ಲ, ಏನು ಬೇಕಾದರೂ ಕೇಳಬಹುದು, ಬೇಡ ಅನಿಸಿದರೆ ಹೋಗಬಹುದು. ಆಮೇಲೆ ದೀಕ್ಷಾರ್ಥಿಯಾಗಿ ಸ್ವೀಕಾರ, ಕಲಿಕೆ. ತಪಸ್ಸುಕಾಲದ (ಈಸ್ಟರ್‌ಗೆ ಮೊದಲಿನ ಉಪವಾಸದ ಕಾಲ) ಮೊದಲ ಭಾನುವಾರ ಆಯ್ಕೆಯ ವಿಧಿ, ಅಂದರೆ ಸಿದ್ಧರಾದವರನ್ನು ದೀಕ್ಷಾಸ್ನಾನಕ್ಕೆ ಆರಿಸುವುದು. ಪಾಸ್ಖ ಜಾಗರಣೆಯಲ್ಲಿ ದೀಕ್ಷಾಸ್ನಾನ, ದೃಢೀಕರಣ (ಪವಿತ್ರಾತ್ಮರ ವರ ಪಡೆಯುವ ಸಂಸ್ಕಾರ), ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ), ಮೂರೂ ಒಂದೇ ರಾತ್ರಿ. ಅಲ್ಲಿಂದ ಪೆಂತೆಕೋಸ್ತ್ ಹಬ್ಬದವರೆಗೆ ಇನ್ನೊಂದು ಹಂತ ಇದೆ. ಪಡೆದ ಸಂಸ್ಕಾರಗಳನ್ನು ಸಮುದಾಯದ ಜೊತೆ ಬಾಳಿ ಅರಿಯುವ ಹಂತ ಅದು. ನಾವು ಮರೆತುಬಿಡುವುದೂ ಅದನ್ನೇ. ದೀಕ್ಷಾಸ್ನಾನ ಆಯಿತು, ಫೋಟೋ ತೆಗೆಸಿದೆವು, ಮುಗಿಯಿತು ಅನ್ನುತ್ತೇವೆ. ಮುಂದಿನ ತಿಂಗಳು ಅವರು ಎಲ್ಲಿದ್ದಾರೆ ಅಂತ ಯಾರೂ ನೋಡುವುದಿಲ್ಲ.

ನನ್ನನ್ನು ಕೇಳಿದರೆ ಕೂಟಗಳು ಬೇಕಾದ ಜಾಗ ಎರಡು, ವಿಚಾರಿಸುವ ಕಾಲ ಮತ್ತು ಪಾಸ್ಖದ ನಂತರದ ಏಳು ವಾರ. ನಡುವೆ ಸುಮ್ನೆ ಪಿಕ್ನಿಕ್ ಮಾಡಿ ಪ್ರಯೋಜನ ಇಲ್ಲ.

ಆರೂವರೆ ಪೂಜೆ

ಮೇಷ್ಟ್ರೇ, ಸಿಎಸ್‌ಐ (ದಕ್ಷಿಣ ಭಾರತದ ಪ್ರೊಟೆಸ್ಟೆಂಟ್ ಸಭೆ) ಕಡೆಯಿಂದ ಬರುವವರಿಗೂ ಇದೇ ಕ್ರಮ ಅಲ್ವಾ? ನಮ್ಮಲ್ಲಿ ಒಬ್ಬರಿಗೆ ಮತ್ತೆ ದೀಕ್ಷಾಸ್ನಾನ ಕೊಡಬೇಕು ಅಂತ ಮಂಡಳಿಯವರು ಗಲಾಟೆ ಮಾಡಿದ್ದರು.

ಉಪದೇಶಿ ಮೇಷ್ಟ್ರು

ಇಲ್ಲ. ನೀರಿನಿಂದ, ಪಿತ ಸುತ ಪವಿತ್ರಾತ್ಮರ ಹೆಸರಿನಲ್ಲಿ ಒಮ್ಮೆ ದೀಕ್ಷಾಸ್ನಾನ ಆಗಿದ್ದರೆ ಮತ್ತೆ ಕೊಡುವಂತಿಲ್ಲ. ಅವರು ವಿಶ್ವಾಸ ಪ್ರಕಟಣೆ ಮಾಡಿ, ದೃಢೀಕರಣ ಮತ್ತು ಪರಮಪ್ರಸಾದ ಪಡೆದು ಪೂರ್ಣ ಐಕ್ಯಕ್ಕೆ ಬರುತ್ತಾರೆ. ಅದಕ್ಕೆ ಪಾಸ್ಖದವರೆಗೆ ಕಾಯಲೇಬೇಕು ಅಂತೇನೂ ಇಲ್ಲ. ಇಂಥವರನ್ನು "ಏನೂ ಗೊತ್ತಿಲ್ಲದ ಹೊಸಬರು" ಅನ್ನುವ ಹಾಗೆ ನಡೆಸಿಕೊಳ್ಳಬೇಡಿ. ಬೈಬಲ್ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಕಾನೂನು ಕಣ್ಣು

ಯಾರೂ ಎತ್ತದ ವಿಷಯ ನಾನು ಎತ್ತುತ್ತೇನೆ. ಕರ್ನಾಟಕದಲ್ಲಿ 2022ರ ಮೇ ತಿಂಗಳಲ್ಲಿ ಮತಾಂತರದ ಬಗ್ಗೆ ಸುಗ್ರೀವಾಜ್ಞೆ ಬಂತು, ಸೆಪ್ಟೆಂಬರ್‌ನಲ್ಲಿ ಕಾಯ್ದೆಯಾಯಿತು. ಧರ್ಮ ಬದಲಿಸುವವರು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು ಅಂತ ಅದರಲ್ಲಿದೆ. "ಆಮಿಷ" ಅನ್ನುವುದರ ವ್ಯಾಪ್ತಿಯೂ ದೊಡ್ಡದು. ಹಿಂಪಡೆಯುತ್ತೇವೆ ಅಂತ 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಅಷ್ಟಕ್ಕೇ ನಿರಾಳ ಆಗಬೇಡಿ, ನಿಮ್ಮ ಧರ್ಮಪ್ರಾಂತ್ಯದ ವಕೀಲರನ್ನು ಕೇಳಿ.

ಎಲ್ಲರಿಗೂ ತೆರೆದ ಹಬ್ಬದ ಊಟದಲ್ಲಿ ತಪ್ಪೇನಿಲ್ಲ. ಆದರೆ ಬೇರೆ ಧರ್ಮದವರನ್ನೇ ಆರಿಸಿ ಕರೆದು ಉಡುಗೊರೆ ಹಂಚುವುದು, ಶಾಲಾ ಸೀಟಿನ ಮಾತಾಡುವುದು, ಅದರ ಫೋಟೋ ವಾಟ್ಸಾಪ್‌ಗೆ ಹಾಕುವುದು ಬೇಡವೇ ಬೇಡ. ನೆನಪಿಡಿ, ತೊಂದರೆ ಬಂದರೆ ಮೊದಲು ಬರುವುದು ಆ ಹೊಸಬರಿಗೆ.

ಸೇವಂತಿಗೆ

ನಿಜ. ನನ್ನ ಫೋಟೋ ಎಲ್ಲೂ ಹಾಕಬೇಡಿ ಅಂತ ನಾನೇ ಕೇಳಿಕೊಂಡಿದ್ದೆ. ಫಾದರ್ ಒಪ್ಪಿದರು. ಯೂತ್ ಗ್ರೂಪಿನ ಒಬ್ಬ ಹುಡುಗ ಹಾಕಿಯೇಬಿಟ್ಟಿದ್ದ. ಅವತ್ತು ಅಮ್ಮನ ಜೊತೆ ಆದ ಮಾತುಕತೆ ಯಾರಿಗೂ ಬೇಡ.

ನಾನ್ ಏನ್ ಕಮ್ಮಿ

ಈ ಕಾಯ್ದೆ ತಂದವರು ಯಾರು ಅಂತಲೂ ಹೇಳಿ ಸ್ವಾಮಿ, ಯಾಕೆ ಹೆದರುತ್ತೀರಿ? ಮುಂದಿನ ಎಲೆಕ್ಷನ್‌ನಲ್ಲಿ

ನಿರ್ವಾಹಕ

ಮೇಲಿನ ಕಾಮೆಂಟಿನ ಮುಂದಿನ ಭಾಗ ತೆಗೆದಿದ್ದೇನೆ. ಎಲೆಕ್ಷನ್‌ಗೆ ಬೇರೆ ಚರ್ಚೆ ಇದೆ, ಅಲ್ಲಿಗೆ ಹೋಗಿ ಜಗಳ ಆಡಿ.

ಕ್ಲೀವ್‌ಲ್ಯಾಂಡ್ ಕನ್ನಡಿಗ

ಓಹಾಯೋದಿಂದ. ಇಲ್ಲಿ ತಪಸ್ಸುಕಾಲದ ಶುಕ್ರವಾರಗಳಲ್ಲಿ ಮಾಂಸ ತಿನ್ನುವಂತಿಲ್ಲವಲ್ಲ, ಅದನ್ನೇ ಹಿಡಿದು ಚರ್ಚುಗಳು "ಫಿಶ್ ಫ್ರೈ" ಮಾಡುತ್ತವೆ. ಹೆಚ್ಚಿನ ಕಡೆ ನೈಟ್ಸ್ ಆಫ್ ಕೊಲಂಬಸ್‌ನವರು ಒಲೆ ಮುಂದೆ ನಿಲ್ಲುತ್ತಾರೆ. 1882ರಲ್ಲಿ ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ ಶುರುವಾದ ಕಥೋಲಿಕ ಗಂಡಸರ ಸಂಘ ಅದು. ಕರಿದ ಕಾಡ್ ಮೀನು, ಎಲೆಕೋಸಿನ ಸಲಾಡ್, ನಮ್ಮ ಊರಿಗೆ ಪೋಲೆಂಡ್ ಮೂಲದವರು ಜಾಸ್ತಿಯಾದ್ದರಿಂದ ಪಿಯೆರೋಗಿ ಅನ್ನುವ ಆಲೂಗಡ್ಡೆ ಕಡುಬು. ರಸ್ತೆ ಬದಿಯಲ್ಲಿ ಬೋರ್ಡ್ ನೆಡುತ್ತಾರೆ, ಇಡೀ ಊರು ಬರುತ್ತದೆ. ಪ್ರೊಟೆಸ್ಟೆಂಟರು, ಯಾವ ಚರ್ಚಿಗೂ ಹೋಗದವರು, ಎಲ್ಲರೂ.

ನನಗೆ ಅಲ್ಲಿ ಇಷ್ಟವಾಗುವುದು ಸಾಲು. ಮುಕ್ಕಾಲು ಗಂಟೆ ನಿಲ್ಲಬೇಕು. ಮುಂದಿನವರು ಹಿಂದಿನವರು ಮಾತಾಡಲೇಬೇಕಾಗುತ್ತದೆ. ಚರ್ಚಿನ ಬಾಗಿಲು ತೆರೆದಿರುತ್ತದೆ, ಪಕ್ಕದಲ್ಲೇ ಶಿಲುಬೆ ಹಾದಿಯ ಪ್ರಾರ್ಥನೆ ನಡೆಯುತ್ತಿರುತ್ತದೆ, ಬೇಕಾದವರು ಒಳಗೆ ಹೋಗುತ್ತಾರೆ. ಯಾರೂ ಕರೆಯುವುದಿಲ್ಲ.

ಹತ್ತು ವರ್ಷದಿಂದ ಮೀನಿಗೆ ಮಾತ್ರ ಬರುವವರೂ ಇದ್ದಾರೆ, ಅದು ನಿಜ. ಬರಲಿ ಬಿಡಿ.

ಆರೂವರೆ ಪೂಜೆ

ಹತ್ತು ವರ್ಷ ಬಂದರೂ ಬಾಗಿಲು ದಾಟದಿದ್ದರೆ ಅದು ಹೋಟೆಲ್ ಅಲ್ವಾ?

ಕ್ಲೀವ್‌ಲ್ಯಾಂಡ್ ಕನ್ನಡಿಗ

ಹೋಟೆಲ್‌ನಲ್ಲಿ ಫಾದರ್ ಏಪ್ರನ್ ಹಾಕಿಕೊಂಡು ಟ್ರೇ ಒರೆಸುವುದಿಲ್ಲ.

ದುಬೈ ಲಿಫ್ಟ್

ಇಲ್ಲಿ ಊದ್ ಮೇಥಾದ ಸಂತ ಮೇರಿ ಚರ್ಚಿಗೆ ಬರುವ ಜನಸಾಗರದಲ್ಲಿ ಯಾರು ಹೊಸಬ ಯಾರು ಹಳಬ ಅಂತ ಗುರುತಿಸುವುದೇ ಆಗುವುದಿಲ್ಲ. 2022ಕ್ಕೆ ಮೊದಲು ಶುಕ್ರವಾರವೇ ವಾರದ ರಜೆ, ಹಾಗಾಗಿ ನಮಗೆ ಶುಕ್ರವಾರವೇ ಭಾನುವಾರದ ಹಾಗಿತ್ತು. ನನ್ನನ್ನು ಸೇರಿಸಿದ್ದು ಯಾವ ಕೂಟವೂ ಅಲ್ಲ, ಲಿಫ್ಟ್. ಬಿಸಿಲಲ್ಲಿ ಬಸ್ಸಿಗೆ ಕಾಯುತ್ತಿದ್ದವನನ್ನು ಒಬ್ಬ ಮೂಡುಬಿದಿರೆಯವರು ಕಾರಿಗೆ ಹತ್ತಿಸಿಕೊಂಡರು. ಆಮೇಲೆ ಪ್ರತಿ ವಾರ ಅವರ ಕಾರು. ಅರ್ಧ ಗಂಟೆ ದಾರಿಯಲ್ಲಿ ಆಗುವ ಪರಿಚಯ ಯಾವ ಹಾಲ್‌ನಲ್ಲೂ ಆಗುವುದಿಲ್ಲ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ಏನು, ಎರಡು ಗಂಟೆ ಸಿಗುತ್ತದೆ!

ಪಾಲನಾ ಮಂಡಳಿಯವ

ಹ್ಹ ಹ್ಹ. ಅಪಾರ್ಟ್‌ಮೆಂಟ್ ಪ್ರಕಾರ ಲಿಫ್ಟ್ ಪಟ್ಟಿ ಮಾಡಬಹುದು. ಇದು ಪಿಕ್ನಿಕ್‌ಗಿಂತ ಸುಲಭ.

ಹೊಸ ಬಾಡಿಗೆದಾರ

ಕೂಟ ಗೀಟ ಆಮೇಲೆ. ಮೊದಲು ಆಫೀಸು ಸರಿ ಮಾಡಿ. ನಾವು ಊರು ಬದಲಿಸಿ ಬಂದಾಗ ಒಂದು ಚರ್ಚಿನ ಕಚೇರಿಯಲ್ಲಿ ಸಿಕ್ಕ ಮೊದಲ ಮಾತು "ಹಳೇ ಚರ್ಚಿನ ಪತ್ರ ತಂದಿದ್ದೀರಾ? ವಂತಿಗೆ ಬಾಕಿ ಇಲ್ಲ ಅಂತ ಬರೆಸಿಕೊಂಡು ಬನ್ನಿ". ನಮಸ್ಕಾರ ಇಲ್ಲ, ಕೂತ್ಕೊಳ್ಳಿ ಇಲ್ಲ. ಹೆಂಡತಿ ಏಳು ತಿಂಗಳ ಬಸುರಿ, ನಿಂತೇ ಇದ್ದಳು. ಮಗುವಿನ ದೀಕ್ಷಾಸ್ನಾನವನ್ನು ಕೊನೆಗೆ ನನ್ನ ಅತ್ತೆಯ ಊರಿನಲ್ಲೇ ಮಾಡಿಸಿದೆವು.

ಕಾನೂನು ಕಣ್ಣು

ಇದಕ್ಕೆ ಧರ್ಮಸಭೆಯ ಕಾನೂನೇ ಉತ್ತರ ಕೊಡುತ್ತದೆ. 1983ರ ಸಂಹಿತೆಯ ನಿಯಮ 102 ಮತ್ತು 107 ನೋಡಿ. ಒಂದು ಧರ್ಮಕೇಂದ್ರದ (ಒಂದು ಚರ್ಚಿಗೆ ಸೇರಿದ ಪ್ರದೇಶ) ಗಡಿಯೊಳಗೆ ಖಾಯಂ ಇರುವ ಉದ್ದೇಶದಿಂದ ವಾಸಿಸಿದರೆ ನೀವು ಅಲ್ಲಿಯವರು. ಮೂರು ತಿಂಗಳಾದರೂ ಇರುವ ಉದ್ದೇಶ ಇದ್ದರೆ ಅರೆ-ನಿವಾಸ ಸಿಗುತ್ತದೆ, ಅಲ್ಲಿಯ ಧರ್ಮಗುರುಗಳೇ ನಿಮ್ಮ ಗುರುಗಳು. ಕುಟುಂಬದ ಕಾರ್ಡು, ಪತ್ರ, ವಂತಿಗೆ ಇವೆಲ್ಲ ಕಚೇರಿಯ ಅನುಕೂಲಕ್ಕೆ. ಮದುವೆಗೆ ದಾಖಲೆ ಕೇಳುವುದು ಸರಿ, ಬೇಕೇ ಬೇಕು. ಬಾಕಿ ವಂತಿಗೆ ನೋಡಿ ಮಗುವನ್ನು ತಡೆಯುವುದು ಸರಿಯಲ್ಲ. ಸಿರೋ ಮಲಬಾರ್‌ನವರ (ಕೇರಳ ಮೂಲದ, ತಮ್ಮದೇ ಪೂಜಾ ಪದ್ಧತಿಯ ಕಥೋಲಿಕರು) ಲೆಕ್ಕ ಬೇರೆ, ಅವರಿಗೆ ಅವರದೇ ಬಿಷಪ್, ಅವರದೇ ಧರ್ಮಕೇಂದ್ರ.

ಹಳೇ ಗುರ್ಕಾರ

ವಂತಿಗೆಯ ಪರವಾಗಿ ಒಂದು ಮಾತು. ದೀಪಕ್ಕೆ ಎಣ್ಣೆ, ಕರೆಂಟ್ ಬಿಲ್ಲು, ಚರ್ಚು ನೋಡಿಕೊಳ್ಳುವ ಸಾಕ್ರಿಸ್ತನ ಸಂಬಳ ಯಾರು ಕೊಡುತ್ತಾರೆ? ಆದರೆ ಗರ್ಭಿಣಿಯನ್ನು ನಿಲ್ಲಿಸಿ ಕೇಳಿದ್ದು ಅನ್ಯಾಯ. ನಮ್ಮ ಕಡೆ ಹೊಸ ಮನೆಯವರು ಬಂದರೆ ಚರ್ಚಿನ ಆ ವಾರ್ಡಿನ ಮುಖಂಡನಾದ ಗುರ್ಕಾರನೇ ಮನೆಗೆ ಹೋಗುತ್ತಾನೆ. ಅಕ್ಟೋಬರ್‌ನಲ್ಲಿ ಜಪಸರ ಪ್ರಾರ್ಥನೆ ಮನೆಯಿಂದ ಮನೆಗೆ ಹೋಗುವಾಗ ಅವರ ಮನೆಯನ್ನೂ ಸೇರಿಸುತ್ತೇವೆ. ಪ್ರಾರ್ಥನೆ ಮುಗಿದ ಮೇಲೆ ಒಂದು ಲೋಟ ಚಹಾ, ಒಂದು ಅಂಬಡೆ. ಅದಕ್ಕಿಂತ ದೊಡ್ಡ ಸೋಷಿಯಲ್ ಈವೆಂಟ್ ಬೇಕಾ?

ಕನಕಪುರ ಕಡೆಯವ

ನಮ್ಮದು ತಲೆಮಾರುಗಳಿಂದ ಕನ್ನಡ ಕ್ರೈಸ್ತರ ಹಳ್ಳಿ. ಹೊಸಬರು ಅಂದರೆ ಸೊಸೆಯಂದಿರು ಮತ್ತು ಮೇಷ್ಟ್ರುಗಳು, ಅಷ್ಟೇ. ಹಾಲ್ ಇಲ್ಲ, ಹೌಸಿ ಗೊತ್ತಿಲ್ಲ. ನಮ್ಮಲ್ಲಿ ಶುಭ ಶುಕ್ರವಾರ ಪಾಡುಗಳ ನಾಟಕ, ಅಂದರೆ ಯೇಸು ಪಟ್ಟ ಯಾತನೆಯ ನಾಟಕ ಇದೆ. ಹೊಸದಾಗಿ ಬಂದ ಸರ್ಕಾರಿ ಶಾಲೆಯ ಮೇಷ್ಟ್ರು ಒಬ್ಬರು ಲಿಂಗಾಯತರು. ದನಿ ದೊಡ್ಡದು ಅಂತ ಯೇಸುವಿಗೆ ಮರಣದಂಡನೆ ವಿಧಿಸಿದ ಪಿಲಾತನ ಪಾತ್ರ ಕೊಟ್ಟೆವು. ಈಗ ವರ್ಗ ಆಗಿ ಬೇರೆ ಕಡೆ ಇದ್ದಾರೆ, ನಾಟಕಕ್ಕೆ ಮಾತ್ರ ರಜೆ ಹಾಕಿ ಬರುತ್ತಾರೆ. ಕಥೋಲಿಕರಾಗಿಲ್ಲ, ಆಗುವುದೂ ಇಲ್ಲ. ನಮ್ಮವರೇ.

ಆರೂವರೆ ಪೂಜೆ

ಚೆನ್ನಾಗಿದೆ. ಇದನ್ನು ಒಪ್ಪುತ್ತೇನೆ. ನಾಟಕ ಪೂಜೆಗೆ ಹತ್ತಿರ, ಹೌಸಿ ಅಲ್ಲ.

ಈಗ ನನ್ನ ನಿಜವಾದ ದೂರು ಹೇಳುತ್ತೇನೆ. ಬೆಂಗಳೂರಿನ ಎಷ್ಟೋ ಚರ್ಚುಗಳಲ್ಲಿ ಕನ್ನಡ ಪೂಜೆ ಬೆಳಗ್ಗೆ ಆರೂವರೆಗೆ. ಒಂಬತ್ತು ಗಂಟೆಯ ಒಳ್ಳೆಯ ಹೊತ್ತು ಇಂಗ್ಲಿಷಿಗೆ. ಕಾರ್ಯಕ್ರಮಗಳೆಲ್ಲ ಇಂಗ್ಲಿಷ್ ಪೂಜೆಯ ನಂತರ, ನಿರೂಪಣೆ ಇಂಗ್ಲಿಷ್, ಹಾಡು ಇಂಗ್ಲಿಷ್. ರಾಯಚೂರು, ಚಿತ್ರದುರ್ಗದಿಂದ ಬಂದು ಕಟ್ಟಡ ಕೆಲಸ ಮಾಡುವ ಕನ್ನಡ ಕಥೋಲಿಕ ಅಲ್ಲಿ ಏನು ಮಾಡಬೇಕು? ಸ್ವಂತ ನಾಡಿನಲ್ಲೇ ಅವನು ಹೊಸಬ.

ದುಬೈ ಲಿಫ್ಟ್

ಬಂತು ನೋಡಿ ಭಾಷೆ. ಇನ್ನು ಈ ಚರ್ಚೆ ಮುಗಿಯುವುದಿಲ್ಲ.

ಭಾನುವಾರದ ರಜೆ

ಮುಗಿಯದಿದ್ದರೂ ಅವರು ಹೇಳಿದ್ದು ಸರಿ. ಹಿಂದಿಯವರಿಗೂ ಇದೇ ಕಷ್ಟ, ತಮಿಳಿನವರಿಗೂ ಕೆಲವು ಕಡೆ ಇದೇ. ಒಂದೊಂದು ಭಾಷೆಯವರು ಒಂದೊಂದು ಪೂಜೆಗೆ ಬಂದು ಹೋಗುತ್ತಾರೆ, ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ. ಎಲ್ಲಾ ಭಾಷೆಯವರೂ ಒಟ್ಟಿಗೆ ಸಿಗುವ ಜಾಗ ಊಟದ ಹಾಲ್ ಮಾತ್ರ. ಆರೂವರೆಯವರೇ, ಈಗ ಹೇಳಿ, ಹಾಲ್ ಬೇಕೋ ಬೇಡವೋ?

ಆರೂವರೆ ಪೂಜೆ

ಹಾಲ್ ಬೇಕು. ಹೌಸಿ ಬೇಡ.

ಸ್ಟಾಲ್ ನಂಬರ್ ಐದು

ಹೌಸಿ ಪಾಪ ಏನು ಮಾಡಿತು ಇವರಿಗೆ? ಒಂದು ಸಲ ಫುಲ್ ಹೌಸ್ ತಪ್ಪಿರಬೇಕು.

ಪಾಲನಾ ಮಂಡಳಿಯವ

ಊಟಕ್ಕೇ ಬರೋಣ. ಬಾಯಮ್ಮ ಹೇಳಿದ ಬಫಾತ್‌ನಲ್ಲಿ ಒಂದು ಸಮಸ್ಯೆ ಇದೆ. ಹಂದಿ ಮಾಂಸ ನೋಡಿದರೆ ಮದುವೆಯಾಗಲಿರುವ ಹುಡುಗಿಯ ಮನೆಯವರು ಬಾಗಿಲಲ್ಲೇ ವಾಪಸ್. ನಮ್ಮಲ್ಲಿ ಲಿಂಗಾಯತ, ಬ್ರಾಹ್ಮಣ ಮನೆಗಳಿಂದ ಬಂದ ಸೊಸೆಯಂದಿರು, ಅಳಿಯಂದಿರು ಇದ್ದಾರೆ.

ಕಾಪು ಬಾಯಮ್ಮ

ಅದಕ್ಕೇ ಮೊಂತಿ ಹಬ್ಬ ಇದೆಯಲ್ಲ ಮಗಾ! ಸೆಪ್ಟೆಂಬರ್ 8, ಮಾತೆ ಮರಿಯಮ್ಮನ ಜನ್ಮದಿನ. ಹಿಂದಿನ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮರಿಯಮ್ಮನಿಗೆ ಎರಚುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆ ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ, ಮಕ್ಕಳಿಗೆ ಕಬ್ಬು. ಮನೆಯಲ್ಲಿ ಆ ಹೊಸ ಅಕ್ಕಿ ಕಾಳನ್ನು ಪುಡಿ ಮಾಡಿ ತೆಂಗಿನ ಹಾಲಿಗೆ ಸೇರಿಸಿ ಮೊದಲು ಎಲ್ಲರಿಗೂ ಒಂದೊಂದು ಗುಟುಕು. ಆಮೇಲೆ ಬಾಳೆ ಎಲೆ ಊಟ, ಪೂರ್ತಿ ಸಸ್ಯಾಹಾರ. ಮೀನು ಕೂಡ ಇಲ್ಲ. ಪಲ್ಯಗಳು ಬೆಸ ಸಂಖ್ಯೆಯಲ್ಲಿ ಇರಬೇಕು, ಐದು, ಏಳು, ಒಂಬತ್ತು. ನಿಮ್ಮ ಬ್ರಾಹ್ಮಣ ಬೀಗರೂ ಕೂತು ಉಣ್ಣಬಹುದು.

ಸ್ಟಾಲ್ ನಂಬರ್ ಐದು

ಬೆಂಡೆಕಾಯಿ, ಹರಿವೆ ದಂಟು, ಕೆಸುವಿನ ದಂಟು, ಹೀರೆಕಾಯಿ... ಬಾಯಿ ನೀರೂರುತ್ತಿದೆ. ನಮ್ಮ ಅಜ್ಜಿ ಮೂರೇ ಮಾಡುತ್ತಿದ್ದರು, ಬಡವರ ಹಬ್ಬಕ್ಕೆ ಮೂರೂ ಬೆಸವೇ ಅಲ್ವಾ.

ಕಾಪು ಬಾಯಮ್ಮ

ಹೌದು ಮತ್ತೆ. ಮೂರು ಸಾಕು.

ಆರೂವರೆ ಪೂಜೆ

ಮೊಂತಿ ಕರಾವಳಿ ಕೊಂಕಣಿಗರ ಹಬ್ಬ. ಬೆಂಗಳೂರಿನವರಿಗೆ ಸೆಪ್ಟೆಂಬರ್ 8 ಅಂದರೆ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾ. ಆಗಸ್ಟ್ 29ಕ್ಕೆ ಧ್ವಜ ಏರುತ್ತದೆ, ನವೇನಾ (ಒಂಬತ್ತು ದಿನದ ಪ್ರಾರ್ಥನೆ), ಕೊನೆಗೆ ತೇರು. ಕಾವಿ ಸೀರೆ ಉಟ್ಟು ಬರುವ ಎಲ್ಲಾ ಧರ್ಮದ ಹೆಂಗಸರನ್ನು ಅಲ್ಲಿ ನೋಡಿ. ಯಾರೂ ಸ್ವಾಗತ ಸಮಿತಿ ಮಾಡಿಲ್ಲ.

ಸೇವಂತಿಗೆ

ನಾನು ಮೊದಲು ಚರ್ಚಿನೊಳಗೆ ಕಾಲಿಟ್ಟದ್ದೂ ಅಲ್ಲೇ, ಚಿಕ್ಕವಳಿದ್ದಾಗ, ನಮ್ಮ ಪಕ್ಕದ ಮನೆಯ ತಮಿಳು ಆಂಟಿಯ ಜೊತೆ. ಸೀರೆ ಉಟ್ಟ ಮರಿಯಮ್ಮನನ್ನು ನೋಡಿ "ನಮ್ಮ ದೇವರ ಥರಾನೇ ಇದ್ದಾಳೆ" ಅಂದಿದ್ದೆ. ಆಂಟಿ ಬೈಯಲಿಲ್ಲ.

ಪಾಲನಾ ಮಂಡಳಿಯವರೇ, ಒಂದು ಪ್ರಾಯೋಗಿಕ ವಿಷಯ. ಊಟದ ಮೊದಲು ಪೂಜೆ ಇದ್ದರೆ, ಪರಮಪ್ರಸಾದ ಯಾರು ಪಡೆಯಬಹುದು ಅಂತ ಕರೆಯುವಾಗಲೇ ಮೆತ್ತಗೆ ತಿಳಿಸಿ. ಹಿಂದೂ ಮನೆಯಿಂದ ಬಂದವರಿಗೆ ಅದು ದೇವಸ್ಥಾನದ ಪ್ರಸಾದದ ಹಾಗೆ ಕಾಣುತ್ತದೆ, ಎಲ್ಲರೂ ಸಾಲಿನಲ್ಲಿ ಹೋದಾಗ ತಾವೂ ಹೋಗಿ ಕೈ ಚಾಚುತ್ತಾರೆ. ನನ್ನ ಚಿಕ್ಕಮ್ಮ ಹಾಗೆ ಹೋದಾಗ, ಸೇವಕರೊಬ್ಬರು ಎಲ್ಲರೆದುರು ಕೈ ಹಿಡಿದು ಪಕ್ಕಕ್ಕೆ ಎಳೆದರು. ಚಿಕ್ಕಮ್ಮ ಮತ್ತೆ ಬರಲಿಲ್ಲ.

ಉಪದೇಶಿ ಮೇಷ್ಟ್ರು

ಇದು ಮುಖ್ಯ. ಹೊಸಬರ ಪಕ್ಕದಲ್ಲಿ ಒಬ್ಬ ಹಳಬರು ಕೂತರೆ ಸಾಕು, ಆ ಹೊತ್ತಿಗೆ ಕಿವಿಯಲ್ಲಿ ಹೇಳಬಹುದು. ಮೈಕ್‌ನಲ್ಲಿ ಎಚ್ಚರಿಕೆ ಕೊಟ್ಟರೆ ಎಲ್ಲರಿಗೂ ಮುಜುಗರ.

ಪಾಲನಾ ಮಂಡಳಿಯವ

ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಮಂಡಳಿಗೆ ನಾನು ಇಡುವ ಪ್ರಸ್ತಾಪ ಇದು. ಸೆಪ್ಟೆಂಬರ್ 8ಕ್ಕೆ ಎಲ್ಲಾ ಭಾಷೆಯವರಿಗೂ ಸೇರಿ ಒಂದೇ ಊಟ, ಸಸ್ಯಾಹಾರ, ಟಿಕೆಟ್ ಇಲ್ಲ. ಖರ್ಚಿಗೆ ಡಬ್ಬಿ ಇಡುತ್ತೇವೆ, ಹಾಕಿದವರು ಹಾಕಲಿ. ಕೇಟರಿಂಗ್‌ಗೆ ಕೊಡುವುದಿಲ್ಲ. ಹಿಂದಿನ ಸಂಜೆ ತರಕಾರಿ ಹೆಚ್ಚಲು, ಹೂ ಕಟ್ಟಲು, ಎಲೆ ಒರೆಸಲು ಹೊಸಬರನ್ನೂ ಕರೆಯುತ್ತೇವೆ, ಹೆಸರು ಹಿಡಿದು, ಫೋನ್ ಮಾಡಿ. ಜಾರ್ಖಂಡ್ ಹುಡುಗಿಯರಿಗೆ ಆ ದಿನ ರಜೆ ಸಿಗದಿದ್ದರೆ ಹತ್ತಿರದ ಭಾನುವಾರಕ್ಕೆ ಹಾಕುತ್ತೇವೆ.

ಲಿಫ್ಟ್ ಪಟ್ಟಿ ಈ ವಾರವೇ ಶುರು. ಕಚೇರಿಯಲ್ಲಿ ಎರಡು ಕುರ್ಚಿ ಹಾಕಿಸುವುದನ್ನು ನಾನೇ ನೋಡಿಕೊಳ್ಳುತ್ತೇನೆ.

ಭಾನುವಾರದ ರಜೆ

ಭಾನುವಾರಕ್ಕೇ ಹಾಕಿ. "ಸಿಗದಿದ್ದರೆ" ಏನು, ಸಿಗುವುದೇ ಇಲ್ಲ.

ಪಾಲನಾ ಮಂಡಳಿಯವ

ಸರಿ, ಭಾನುವಾರ.

ಕಾಪು ಬಾಯಮ್ಮ

ಬೆಂಗಳೂರಿನಲ್ಲಿ ತೆನೆ ಎಲ್ಲಿ ಸಿಗುತ್ತದೆ? ಊರಿನಿಂದ ಬಸ್ಸಿಗೆ ಹಾಕಿ ಕಳಿಸಲಾ?

ಕನಕಪುರ ಕಡೆಯವ

ತೆನೆ ಕರಾವಳಿಯಿಂದಲೇ ಯಾಕೆ ಬಾಯಮ್ಮ? ನಮ್ಮ ಕಡೆ ರಾಗಿ ಇದೆ. ಆದರೆ ಸೆಪ್ಟೆಂಬರ್‌ಗೆ ಇನ್ನೂ ಹಸಿರು ಪೈರು. ಕಬ್ಬು ಬೇಕಾದರೆ ಮಂಡ್ಯದವರನ್ನು ಹಿಡಿಯಿರಿ.

ಆರೂವರೆ ಪೂಜೆ

ಕರೆಯೋಲೆ ಕನ್ನಡದಲ್ಲೂ ಇರಬೇಕು. ಇಂಗ್ಲಿಷಿನ ಕೆಳಗೆ ಸಣ್ಣ ಅಕ್ಷರದಲ್ಲಿ ಅಲ್ಲ.

ಪಾಲನಾ ಮಂಡಳಿಯವ

ಇರುತ್ತದೆ. ನೀವೇ ಬರೆದುಕೊಡಿ. ಕನ್ನಡ ಪೂಜೆಯವರನ್ನು ಕರೆಯುವ ಜವಾಬ್ದಾರಿಯೂ ನಿಮ್ಮದೇ.

ಆರೂವರೆ ಪೂಜೆ

ನಾನು ನಿಮ್ಮ ಚರ್ಚಿನವನೇ ಅಲ್ಲವಲ್ಲ ಸ್ವಾಮಿ.

ಪಾಲನಾ ಮಂಡಳಿಯವ

ಪರವಾಗಿಲ್ಲ. ವಂತಿಗೆ ಕೇಳುವುದಿಲ್ಲ.

ಆರೂವರೆ ಪೂಜೆ

ಶುಕ್ರವಾರದೊಳಗೆ ಕರಡು ಕಳಿಸುತ್ತೇನೆ. ಹೌಸಿ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ.